ಚೀನಾದ ಧೂಪ ಮತ್ತು ಪರಿಮಳ: ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲ ಸಲ ಕೇಳುವವರ ಪ್ರಶ್ನೆಗಳು ಮೇಲಿವೆ. ಕೈಯಲ್ಲಿ ಬೂದಿ, ಕೆಂಡ ಹಿಡಿದು ಕೂತವರ ಪ್ರಶ್ನೆಗಳು ನಡುವೆ ಇವೆ. ಪಾಕ, ಅಸಲಿ-ನಕಲಿಯ ತಕರಾರುಗಳು ಕೆಳಗಿವೆ. ಬೇಕಾದ ಕಡೆಯಿಂದ ಓದಬಹುದು.

## ಮೊದಲ ಪರಿಚಯ

ಚೀನೀಯರ ಧೂಪ ಅಂದ್ರೆ ನಮ್ಮ ಊದುಬತ್ತಿ ತಾನೆ? ಹೊಸದೇನಿದೆ?

ಗುಡಿಯಲ್ಲಿ ಹಚ್ಚುವುದರ ಮಟ್ಟಿಗೆ ಹೆಚ್ಚು ವ್ಯತ್ಯಾಸವಿಲ್ಲ. ಬಿದಿರಿನ ಕಡ್ಡಿಗೆ ಪುಡಿ ಮೆತ್ತಿದ ಬತ್ತಿ ಅಲ್ಲಿಯೂ ಇದೆ. ಫುಜಿಯಾನ್ ಪ್ರಾಂತ್ಯದ ಯೊಂಗ್‌ಚುನ್ ಎಂಬ ಊರು ಅದಕ್ಕೇ ಹೆಸರುವಾಸಿ. ಆದರೆ ಓದುಬರಹದ ಮನೆಗಳಲ್ಲಿ ಬೆಳೆದ ಪದ್ಧತಿಯ ದಾರಿ ಬೇರೆ. ಅಲ್ಲಿ ಸುಡುವುದು ಮುಖ್ಯವಲ್ಲ, ಕಾಯಿಸುವುದು ಮುಖ್ಯ. ಹೊಗೆ ಎದ್ದರೆ ಕೆಲಸ ಕೆಟ್ಟಿತು ಎಂದೇ ಅರ್ಥ. ಸಾಂಗ್ ಕಾಲದ (960–1279) ಕವಿ ಯಾಂಗ್ ವಾನ್‌ಲಿ ತನ್ನ ಕವಿತೆಯೊಂದರಲ್ಲಿ ಪರಿಮಳ ಬರಲಿ, ಹೊಗೆ ಕಾಣದಿರಲಿ ಎಂದಿದ್ದಾನೆ. ನಾವು ಧೂಪ ಹಾಕಿ ಮನೆಯೆಲ್ಲ ಘಮಘಮಿಸಬೇಕೆನ್ನುತ್ತೇವೆ. ಅವರು ಅಕ್ಕಿಕಾಳಿನಷ್ಟು ಚೂರಿಟ್ಟು ಮೂಗನ್ನೇ ಅದರ ಬಳಿಗೆ ಒಯ್ಯುತ್ತಾರೆ.

"ಶಿಯಾಂಗ್" ಅಂದ್ರೆ ಧೂಪವೋ, ಸೆಂಟೋ?

ಎರಡೂ, ಜೊತೆಗೆ ಇನ್ನಷ್ಟು. ಧೂಪ, ಸುಗಂಧದ್ರವ್ಯ, ಪರಿಮಳ, ಊಟದ ಘಮ ಎಲ್ಲಕ್ಕೂ ಒಂದೇ ಪದ. ಹಳೆಯ ಲಿಪಿಯಲ್ಲಿ ಆ ಅಕ್ಷರದ ಮೇಲ್ಭಾಗ ಒಂದು ಸಿರಿಧಾನ್ಯ, ಕೆಳಭಾಗ ಸಿಹಿ. ಅಂದರೆ ಅದು ಮೂಲದಲ್ಲಿ ಬೇಯುತ್ತಿರುವ ಧಾನ್ಯದ ಘಮ. "ಶಿಯಾಂಗ್‌ಹೂವೊ" ಎಂದರೆ ಧೂಪದ ಬೆಂಕಿ. ವಂಶ ಮುಂದುವರಿಯುವುದಕ್ಕೂ ಇದೇ ಮಾತು, ಏಕೆಂದರೆ ಹಿರಿಯರ ಮುಂದೆ ಧೂಪ ಹಚ್ಚುವವರು ಉಳಿಯಬೇಕಲ್ಲ. ನಮ್ಮಲ್ಲಿ "ಮನೆಗೆ ದೀಪ ಹಚ್ಚುವವರು" ಎನ್ನುವ ಹಾಗೆ.

ಇದು ಎಷ್ಟು ಹಳೆಯದು? ಗಟ್ಟಿ ಆಧಾರ ಇದೆಯಾ?

ಸಮಾಧಿಗಳಲ್ಲಿ ಸಿಕ್ಕ ವಸ್ತುಗಳೇ ಆಧಾರ. ಚಾಂಗ್‌ಷಾ ನಗರದ ಮಾವಾಂಗ್‌ದುಯಿಯಲ್ಲಿ 1972ರಲ್ಲಿ ಅಗೆದ ಹಾನ್ ಕಾಲದ (ಕ್ರಿ.ಪೂ. 206–ಕ್ರಿ.ಶ. 220) ಸಮಾಧಿಯಲ್ಲಿ ಗಿಡಮೂಲಿಕೆ ತುಂಬಿದ ದಿಂಬು, ರೇಷ್ಮೆಯ ಪರಿಮಳದ ಚೀಲಗಳು, ಬೇರು-ಹುಲ್ಲು ಸುಟ್ಟ ಮಣ್ಣಿನ ಧೂಪಪಾತ್ರೆ ಸಿಕ್ಕವು. ಆ ಕಾಲಕ್ಕೆ ಚೀನೀಯರು ಹೆಚ್ಚಾಗಿ ಸುಡುತ್ತಿದ್ದುದು ಸ್ಥಳೀಯ ಹುಲ್ಲು, ಎಲೆ, ಬೇರುಗಳನ್ನೇ. ಅಗರು, ಶ್ರೀಗಂಧ, ಕುಂದುರು (ಫ್ರಾಂಕಿನ್ಸೆನ್ಸ್ ಎನ್ನುವ ರಾಳ), ಲವಂಗ ದಕ್ಷಿಣದಿಂದಲೂ ಪಶ್ಚಿಮದಿಂದಲೂ ಹರಿದು ಬಂದಂತೆ ಪಾತ್ರೆಯ ಆಕಾರವೂ ಬದಲಾಯಿತು. ಹುಲ್ಲಿಗೆ ಅಗಲ ಬಾಯಿ, ಜೋರು ಗಾಳಿ ಸಾಕು. ರಾಳಕ್ಕೆ ಕೆಳಗೆ ಕೆಂಡ, ಮೇಲೆ ಮುಚ್ಚಳ ಬೇಕು.

ಹೀಗೆ ಹುಟ್ಟಿದ್ದು ಬೆಟ್ಟದಾಕಾರದ ಮುಚ್ಚಳವಿರುವ ಬೋಶಾನ್ ಧೂಪಪಾತ್ರೆ. ಹೆಬೈ ಪ್ರಾಂತ್ಯದ ಮಾನ್‌ಚೆಂಗ್‌ನಲ್ಲಿ 1968ರಲ್ಲಿ ಸಿಕ್ಕದ್ದು ಅತಿ ಪ್ರಸಿದ್ಧ. ಕ್ರಿ.ಪೂ. 113ರಲ್ಲಿ ತೀರಿಕೊಂಡ ರಾಜಕುಮಾರ ಲಿಯು ಶೆಂಗ್‌ನ ಸಮಾಧಿಯದು, ಕಂಚಿನ ಮೇಲೆ ಚಿನ್ನದ ಎಳೆ, ಎತ್ತರ 26 ಸೆಂ.ಮೀ. ತೂತುಗಳನ್ನು ಶಿಖರಗಳ ಸಂದಿಯಲ್ಲಿ ಅಡಗಿಸಿದ್ದಾರೆ. ಹೊಗೆ ಹೊರಟಾಗ ಅದು ಬೆಟ್ಟದ ಮಂಜಿನಂತೆ ಕಾಣುತ್ತದೆ.

ಅವರು ಹೇಳುವ ಸಾಮಗ್ರಿಗಳು ನಮ್ಮ ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತವಾ? ಕನ್ನಡದ ಹೆಸರು ಗೊತ್ತಾಗಲ್ಲ.

ಬಹುಪಾಲು ಸಿಗುತ್ತವೆ. "ಚೆನ್‌ಶಿಯಾಂಗ್" ಎಂದರೆ ಮುಳುಗುವ ಪರಿಮಳ, ನಮ್ಮ ಅಗರು. ಅಗರಬತ್ತಿಗೆ ಹೆಸರು ಕೊಟ್ಟ ಮರವೂ ಇದೇ, ಈಗಿನ ಅಗ್ಗದ ಬತ್ತಿಯಲ್ಲಿ ಹೆಸರಷ್ಟೇ ಉಳಿದಿದೆ. "ತಾನ್‌ಶಿಯಾಂಗ್" ಶ್ರೀಗಂಧ, ಅದರ ಹಳೆಯ ರೂಪ "ಝಾನ್‌ತಾನ್", ಚಂದನ ಪದದ ನೇರ ಲಿಪ್ಯಂತರ. "ದಿಂಗ್‌ಶಿಯಾಂಗ್" ಲವಂಗ. "ಗಾನ್‌ಸೊಂಗ್" ಜಟಾಮಾಂಸಿ. "ಮುಶಿಯಾಂಗ್" ಕೋಷ್ಟ. "ಷೆಶಿಯಾಂಗ್" ಕಸ್ತೂರಿ. "ಚಾಂಗ್‌ಪು" ಬಜೆ, ಡ್ರ್ಯಾಗನ್ ದೋಣಿ ಹಬ್ಬದ ದಿನ ಮಾಚಿಪತ್ರೆ ಜಾತಿಯ ಎಲೆಯ ಜೊತೆ ಬಾಗಿಲಿಗೆ ಕಟ್ಟುತ್ತಾರೆ.

ಎಡವುವ ಜಾಗ ಮೂರು. ಮೊದಲನೆಯದು "ಲೊಂಗ್‌ನಾವೊ", ಅಂದರೆ ಡ್ರ್ಯಾಗನ್ನಿನ ಮಿದುಳು. ಅದು ಆರತಿಯ ಕರ್ಪೂರವಲ್ಲ. ಬೋರ್ನಿಯೋ, ಸುಮಾತ್ರದ ಮರದಿಂದ ಬರುತ್ತಿದ್ದ ಹರಳು, ನಮ್ಮ ಹಿರಿಯರ ಪಚ್ಚಕರ್ಪೂರ. ಈಗ ಆ ಹೆಸರಿನಲ್ಲಿ ಮಾರುವುದೆಲ್ಲ ಆ ಮರದ್ದೇ ಎಂದು ನಂಬಬೇಡಿ. ಎರಡನೆಯದು ಸಾಂಬ್ರಾಣಿ ಮತ್ತು ಕುಂದುರು. ಅರಬ್ ಕಡೆಯಿಂದ ಹೋದ "ರುಶಿಯಾಂಗ್" ಕುಂದುರು ಜಾತಿಯದು. ಸಾಂಬ್ರಾಣಿಗೆ "ಆನ್‌ಶಿ ಶಿಯಾಂಗ್" ಎನ್ನುತ್ತಾರೆ. ಆನ್‌ಶಿ ಎಂದರೆ ಪಾರ್ಥಿಯಾ, ಈಗಿನ ಇರಾನ್ ಕಡೆಯ ಹಳೆಯ ರಾಜ್ಯ. ಮೊದಲು ಆ ಹೆಸರಿನಲ್ಲಿ ಗುಗ್ಗುಳ ಬರುತ್ತಿತ್ತು, ಆಮೇಲೆ ಆಗ್ನೇಯ ಏಷ್ಯಾದ ಸಾಂಬ್ರಾಣಿ ಅದೇ ಹೆಸರನ್ನು ಆಕ್ರಮಿಸಿತು. ಹೀಗಾಗಿ ತಾಂಗ್ ಕಾಲದ (618–907) ಪಾಕವೊಂದರಲ್ಲಿ ಆ ಪದ ಬಂದರೆ ಯಾವುದೆಂದು ಯೋಚಿಸಿ ನಿರ್ಧರಿಸಬೇಕು. ಮೂರನೆಯದು "ಜಿಯಾಶಿಯಾಂಗ್". ಇದು ಗಿಡವಲ್ಲ, ಸಮುದ್ರದ ಬಸವನಹುಳುವಿನ ಬಾಯಿಮುಚ್ಚಳ, ಸಂಸ್ಕೃತದ ಗಂಧಶಾಸ್ತ್ರದಲ್ಲಿ "ನಖ" ಎನ್ನುವುದು. ಹಸಿಯಾಗಿ ಸುಟ್ಟರೆ ಸುಟ್ಟ ಕೂದಲಿನ ನಾತ. ಮದ್ಯ, ಜೇನು ಹಾಕಿ ಕುದಿಸಿ ಶುದ್ಧಿಮಾಡಿ ಚಿಟಿಕೆಯಷ್ಟು ಬೆರೆಸಿದರೆ ಉಳಿದ ಪರಿಮಳಗಳನ್ನು ಹಿಡಿದಿಡುತ್ತದೆ.

ಗುಡಿಯಲ್ಲಿ ಮೂರೇ ಕಡ್ಡಿ ಯಾಕೆ? ಬಾಯಿಂದ ಊದಿ ಆರಿಸಬಾರದು ಅಂತಾರಲ್ಲ?

ಬೌದ್ಧ ಗುಡಿಯಲ್ಲಿ ಮೂರು ಎಂದರೆ ಬುದ್ಧ, ಧರ್ಮ, ಸಂಘ. ಹೆಚ್ಚು ಹಚ್ಚಿದರೆ ಹೆಚ್ಚು ಪುಣ್ಯ ಎಂಬ ಲೆಕ್ಕವಿಲ್ಲ. ಕಡ್ಡಿಯ ತುದಿಯ ಜ್ವಾಲೆಯನ್ನು ಕೈಬೀಸಿ ಆರಿಸುತ್ತಾರೆ, ಬಾಯಿಯ ಗಾಳಿ ಎಂಜಲು. ದೀಪವನ್ನು ಊದಿ ಆರಿಸಬಾರದು ಎಂದು ಬೈಸಿಕೊಂಡು ಬೆಳೆದ ನಮಗೆ ಇದನ್ನು ವಿವರಿಸಬೇಕಿಲ್ಲ. ನೆಡುವಾಗ ಎಡಗೈ ಬಳಸುವುದು ರೂಢಿ; ಈ ಒಂದು ವಿಷಯದಲ್ಲಿ ನಮ್ಮವರಿಗೆ ಕೈ ತಡವರಿಸುತ್ತದೆ.

## ಕೈಗೆ ಹತ್ತುವ ಕೆಲಸ

ಹೊಗೆ ಇಲ್ಲದೆ ಪರಿಮಳ ಬರಿಸೋದು ಹೇಗೆ? ಹಂತ ಹಂತವಾಗಿ ಹೇಳಿ.

ಇದಕ್ಕೆ "ಗೆಹೂವೊ" ಎಂದು ಹೆಸರು: ಬೆಂಕಿಗೂ ದ್ರವ್ಯಕ್ಕೂ ನಡುವೆ ತೆರೆ ಇಡುವುದು. ಬೇಕಾದದ್ದು ಅಂಗೈಯಲ್ಲಿ ಕೂರುವಷ್ಟು ದೊಡ್ಡ, 7–8 ಸೆಂ.ಮೀ. ಬಾಯಿಯ ಪಿಂಗಾಣಿ ಬಟ್ಟಲು, ಜರಡಿ ಹಿಡಿದ ಬೂದಿ, ಸಣ್ಣ ಇದ್ದಿಲು, ಅಭ್ರಕದ ತೆಳು ಹಾಳೆ ಅಥವಾ ಬೆಳ್ಳಿಯ ತಗಡು, ಲೋಹದ ಕಡ್ಡಿಗಳ ಜೋಡಿ, ಚಿಮಟ, ಒಂದು ಗರಿ.

ಬೂದಿ ಬಟ್ಟಲಿನ ಮುಕ್ಕಾಲು ಭಾಗ ತುಂಬಲಿ. ಭತ್ತದ ಹೊಟ್ಟಿನ ಬೂದಿ ಒಳ್ಳೆಯದು: ಹಗುರ, ಒಳಗೆ ಗಾಳಿ ನಿಲ್ಲುತ್ತದೆ, ಕಾವನ್ನು ನಿಧಾನವಾಗಿ ಬಿಡುತ್ತದೆ. ಸಗಣಿಯ ಬೂದಿಗೆ ತನ್ನದೇ ವಾಸನೆ ಇರುವುದರಿಂದ ಬೇಡ. ಹೊಸ ಬೂದಿಯನ್ನು ಬಾಣಲೆಯಲ್ಲಿ ಹುರಿದು ತೇವ ಕಳೆಯಿರಿ. ಮಲೆನಾಡಿನ, ಕರಾವಳಿಯ ಮಳೆಗಾಲದಲ್ಲಿ ಇದನ್ನು ಬಿಟ್ಟರೆ ಮುಂದಿನದೆಲ್ಲ ವ್ಯರ್ಥ.

ಇದ್ದಿಲು ಒಂದೂವರೆಯಿಂದ ಎರಡು ಸೆಂ.ಮೀ. ಸಾಕು. ಹೊರಗಡೆ ಜಾಲರಿಯ ಮೇಲಿಟ್ಟು ಸುತ್ತಲೂ ಕೆಂಪಾಗಿ, ಮೇಲೆ ಬಿಳಿ ಬೂದಿ ಕಟ್ಟುವವರೆಗೆ ಕಾಯಿಸಿ. ಕಪ್ಪು ಚುಕ್ಕೆ ಉಳಿದಿದ್ದರೆ ಇದ್ದಿಲಿನ ವಾಸನೆ ಬಟ್ಟಲಿಗೆ ಬರುತ್ತದೆ. ತಟ್ಟನೆ ಹೊತ್ತುವ ಬಿಲ್ಲೆ ಇದ್ದಿಲನ್ನು ಮುಟ್ಟಬೇಡಿ. ಅದರಲ್ಲಿ ಸೇರಿಸುವ ಪೆಟ್ಲುಪ್ಪಿನ ಘಾಟು ಕೊನೆಯವರೆಗೂ ಬಿಡುವುದಿಲ್ಲ.

ಬೂದಿಯನ್ನು ಕಡ್ಡಿಗಳಿಂದ ಕೆದಕಿ ಸಡಿಲಿಸಿ, ನಡುವೆ ಗುಂಡಿ ಮಾಡಿ ಕೆಂಡ ಇಳಿಸಿ. ಅದರ ಮೇಲೆ ಸುಮಾರು ಒಂದು ಸೆಂ.ಮೀ. ಬೂದಿ ಬರುವಂತೆ ಸುತ್ತಲಿನಿಂದ ಎಳೆದು ಚಿಕ್ಕ ಗುಡ್ಡ ಮಾಡಿ, ಒತ್ತದೆ ಸವರಿ. ತುದಿಯಿಂದ ಕೆಂಡದವರೆಗೆ ಕಡ್ಡಿ ಇಳಿಸಿ ಒಂದು ಉಸಿರುಗಂಡಿ ಬಿಡಿ. ತುದಿಯನ್ನು ತುಸು ಚಪ್ಪಟೆ ಮಾಡಿ ಅಭ್ರಕ ಇಡಿ. ಐದು ನಿಮಿಷ ಬಿಟ್ಟು ಅಂಗೈಯನ್ನು ಮೂರು ಬೆರಳಿನ ಎತ್ತರದಲ್ಲಿ ಹಿಡಿಯಿರಿ: ಹಾಯೆನಿಸಿ ಬೆಚ್ಚಗಿದ್ದರೆ ಸರಿ, ಕೈ ತೆಗೆಯಬೇಕೆನಿಸಿದರೆ ಹೆಚ್ಚಾಯಿತು. ಈಗ ಅಕ್ಕಿಕಾಳಿನಷ್ಟು ಅಗರಿನ ಚೂರು ಇಡಿ.

ಹೊಗೆ ಬಂದರೆ ಚೂರನ್ನು ತೆಗೆದು ಬೂದಿ ಏರಿಸಿ. ಪರಿಮಳವೇ ಇಲ್ಲದಿದ್ದರೆ ಗುಡ್ಡದ ತುದಿಯನ್ನು ಗರಿಯಿಂದ ತುಸು ಸವರಿ ಇಳಿಸಿ. ಎಲ್ಲ ಸರಿಯಾದರೆ ಪರಿಮಳ ಬದಲಾಗುತ್ತಾ ಹೋಗುತ್ತದೆ: ಮೊದಲು ತಂಪು, ನಡುವೆ ಸಿಹಿ, ಕೊನೆಗೆ ಹಾಲು ಕಾಯಿಸಿದಂಥ ಒಂದು ಮಂದ ವಾಸನೆ. ಈ ಬದಲಾವಣೆಯನ್ನು ಗಮನಿಸುವುದೇ ಇಡೀ ಕಲೆ.

ಕೆಂಡ ಪ್ರತಿ ಸಲ ಅರ್ಧದಲ್ಲೇ ಆರಿಹೋಗುತ್ತೆ. ಎಲ್ಲಿ ತಪ್ಪುತ್ತಿದ್ದೇನೆ?

ಹತ್ತರಲ್ಲಿ ಎಂಟು ಸಲ ಬೂದಿಯನ್ನು ಅಂದ ಕಾಣಲೆಂದು ಒತ್ತಿ ಗಟ್ಟಿ ಮಾಡಿರುತ್ತೀರಿ, ಕೆಂಡಕ್ಕೆ ಉಸಿರಿರುವುದಿಲ್ಲ. ಬಟ್ಟಲಿನ ತಳದ ಬೂದಿ ತಣ್ಣಗಿದ್ದು ತೇವ ಹಿಡಿದಿದ್ದರೂ ಹೀಗೇ ಆಗುತ್ತದೆ. ಆಗ ಮೊದಲೊಂದು ಕೆಂಡವನ್ನು ಹತ್ತು ನಿಮಿಷ ಹೂತಿಟ್ಟು ಬೂದಿಯನ್ನು ಬೆಚ್ಚಗೆ ಮಾಡಿ, ತೆಗೆದು, ಹೊಸ ಕೆಂಡ ಇಡಿ.

ಬಳ್ಳಿಯಂತೆ ಪುಡಿ ಎಳೆದು ಸುಡುತ್ತಾರಲ್ಲ, ನಾನು ಮಾಡಿದರೆ ಅಚ್ಚು ಎತ್ತುವಾಗ ಒಡೆದುಹೋಗುತ್ತೆ.

ಅದು ಮುದ್ರೆಧೂಪ, "ಶಿಯಾಂಗ್ ಝ್ವಾನ್". ಹಳೆಯ ಮುದ್ರೆಲಿಪಿಯ ತಿರುವುಗಳನ್ನು ಹೋಲುವ ಒಂದೇ ಎಳೆಯ ದಾರಿ. ಇಲ್ಲಿ ಬೂದಿಯ ಲೆಕ್ಕ ತಿರುಗಾಮುರುಗಾ: ಮೇಲ್ಮೈ ಸಮತಟ್ಟಾಗಿ, ತುಸು ಗಟ್ಟಿಯಾಗಿ ಇರಬೇಕು, ಆದರೆ ಕೆಳಗೆ ಸಡಿಲ ಇರಬೇಕು. ಮೊದಲು ಚೆನ್ನಾಗಿ ಕೆದಕಿ, ಆಮೇಲೆ ಒತ್ತುಗವನ್ನು (ಬೂದಿ ಒತ್ತುವ ಚಪ್ಪಟೆ ಸಲಕರಣೆ) ಅದರ ಸ್ವಂತ ಭಾರದಲ್ಲಷ್ಟೇ ಇಳಿಸುತ್ತಾ ಸುತ್ತ ಬನ್ನಿ. ಅಚ್ಚನ್ನಿಟ್ಟು ಪುಡಿಯನ್ನು ಸಂದಿಗಳಿಗೆ ತಳ್ಳಿ, ಮೇಲೆ ಹೆಚ್ಚಾದದ್ದನ್ನು ಗೀರಿ ತೆಗೆಯಿರಿ. ಎತ್ತುವ ಮುನ್ನ ಅಚ್ಚಿನ ಹಿಡಿಕೆಯನ್ನು ಹತ್ತಿಪ್ಪತ್ತು ಸಲ ಮೆಲ್ಲಗೆ ತಟ್ಟಿ. ಪುಡಿ ಅಂಚು ಬಿಡುವುದು ಈ ತಟ್ಟುವಿಕೆಯಿಂದಲೇ. ಆಮೇಲೆ ನೇರ ಮೇಲಕ್ಕೆ, ಒಂದೇ ಉಸಿರಿಗೆ ಎತ್ತಿ. ಪುಡಿ ಎಣ್ಣೆಯಂಶದ್ದಾದರೆ ಅಚ್ಚಿಗೆ ಅಂಟುತ್ತದೆ, ಹೀಗಾಗಿ ರಾಳ, ಪಚ್ಚಕರ್ಪೂರ ಹೆಚ್ಚಿರುವ ಮಿಶ್ರಣ ಇದಕ್ಕೆ ಒಗ್ಗುವುದಿಲ್ಲ. ಉರಿ ನಡುವೆ ನಿಂತರೆ ಅಲ್ಲಿ ಎಳೆ ತೆಳುವಾಗಿದೆ, ಇಲ್ಲವೇ ಕೆಳಗಿನ ಬೂದಿ ಕಲ್ಲಾಗಿದೆ.

ಇದೇ ಎಳೆ ಗಡಿಯಾರವೂ ಆಗಿತ್ತು. ಹಳೆಯ ಚೀನಾದಲ್ಲಿ ಹಗಲು-ರಾತ್ರಿ ಸೇರಿ 100 "ಕೆ", ಒಂದು ಕೆ ಎಂದರೆ 14 ನಿಮಿಷ 24 ಸೆಕೆಂಡು. 1073ರ ಬರಗಾಲದಲ್ಲಿ ಬಾವಿಗಳು ಬತ್ತಿ ನೀರು ದುರ್ಲಭವಾದಾಗ ನೂರು ಕೆಯ ಮುದ್ರೆಧೂಪ ಮಾಡಿ ಹೊತ್ತು ಅಳೆದರೆಂದು ಹಳೆಯ ಧೂಪಗ್ರಂಥದಲ್ಲಿ ದಾಖಲಾಗಿದೆ. ನೀರಿನ ಗಡಿಯಾರಕ್ಕೆ ನೀರೇ ಇಲ್ಲದಿದ್ದರೆ ಬೂದಿಯೇ ಗತಿ.

ಬಟ್ಟೆಗೆ ಧೂಪ ಹಾಕ್ತಿದ್ದರಂತೆ. ನಾವು ತಲೆಗೂದಲಿಗೆ ಸಾಂಬ್ರಾಣಿ ಹಾಕುವ ಹಾಗೇನಾ?

ಬುಟ್ಟಿ ಬೋರಲು ಹಾಕುವುದು ಒಂದೇ, ಆದರೆ ಅವರದು ಒಂದು ಹೆಜ್ಜೆ ಮುಂದೆ. ಮೊದಲು ಬಿದಿರುಬುಟ್ಟಿಯ ಕೆಳಗೆ ಬಿಸಿನೀರಿನ ದೊಡ್ಡ ಪಾತ್ರೆ ಇಟ್ಟು ಬಟ್ಟೆಯನ್ನು ಆವಿಯಲ್ಲಿ ತುಸು ತೇವ ಮಾಡುತ್ತಾರೆ, ಆಮೇಲೆ ಧೂಪ. ಒಣ ಬಟ್ಟೆಗೆ ಪರಿಮಳ ನಿಲ್ಲುವುದಿಲ್ಲ, ತೇವದ ನೂಲು ಹಿಡಿದುಕೊಳ್ಳುತ್ತದೆ. ಕೊನೆಗೆ ಬಟ್ಟೆಯನ್ನು ಮಡಿಸಿ ಒಂದು ರಾತ್ರಿ ಪೆಟ್ಟಿಗೆಯಲ್ಲಿಟ್ಟು ಉಡುತ್ತಾರೆ. ನೀರಿನ ಪಾತ್ರೆ ಕಿಡಿಯಿಂದ ರೇಷ್ಮೆ ಸುಡದಂತೆಯೂ ಕಾಯುತ್ತದೆ. ಮಿಂಗ್ ಕಾಲದ ಕೊನೆಯ ಚಿತ್ರಕಾರ ಚೆನ್ ಹೊಂಗ್‌ಶೌ (1598–1652) ಇಂಥ ಬುಟ್ಟಿಗೆ ಒರಗಿದ ಹೆಂಗಸನ್ನು ಬರೆದಿದ್ದಾನೆ. ಚಿತ್ರ ಶಾಂಘೈ ಮ್ಯೂಸಿಯಂನಲ್ಲಿದೆ.

ಅತ್ತರು, ಸೆಂಟು ಏನೂ ಇರಲಿಲ್ವಾ?

ಮೈಗೆ ಬಳಿದುಕೊಳ್ಳುವುದು ಕಡಿಮೆ. ಸೊಂಟಕ್ಕೆ ಚೀಲ ಕಟ್ಟುವುದು, ಬಟ್ಟೆಗೆ ಧೂಪ, ಬಾಯಲ್ಲಿ ಲವಂಗ ಹೆಚ್ಚು. ಹಾನ್ ಆಸ್ಥಾನದ ಅಧಿಕಾರಿಗಳು ದೊರೆಯೆದುರು ಮಾತಾಡುವಾಗ ಲವಂಗ ಕಚ್ಚಿಕೊಳ್ಳಬೇಕಿತ್ತು. ಗುಲಾಬಿನೀರು ಹೊರಗಿನಿಂದ ಬಂತು. 958ರಲ್ಲಿ ಈಗಿನ ವಿಯೆಟ್ನಾಂ ಕಡೆಯ ಚಂಪಾ ರಾಜ್ಯ 15 ಶೀಸೆ ಕಾಣಿಕೆ ಕಳಿಸಿತ್ತು. ಸಾಂಗ್ ಕಾಲದವರು ಅದಕ್ಕೆ ತಮ್ಮದೇ ದಾರಿ ಕಂಡುಕೊಂಡರು: ಕಿತ್ತಳೆ ಜಾತಿಯ ಹೂವನ್ನೂ ಅಗರಿನ ಚಕ್ಕೆಯನ್ನೂ ಪದರ ಪದರವಾಗಿ ತವರದ ಪಾತ್ರೆಯಲ್ಲಿಟ್ಟು ಹಬೆಯಲ್ಲಿ ಬೇಯಿಸಿ, ಹೂವಿನ ಘಮವನ್ನು ಮರಕ್ಕೆ ಕುಡಿಸುವುದು.

## ಚಿತ್ರ, ಕವಿತೆ, ಪಾತ್ರೆ

ಚೀನೀ ಚಿತ್ರಗಳಲ್ಲಿ ಧೂಪ ಎಲ್ಲಿ ಹುಡುಕಲಿ?

ಹೊಗೆಯನ್ನು ಹುಡುಕಬೇಡಿ, ಪೀಠವನ್ನು ಹುಡುಕಿ. ಸಾಂಗ್ ದೊರೆ ಹುಯಿಝೊಂಗ್‌ನ ಹೆಸರಿನ ಜೊತೆ ಬರುವ, ಬೀಜಿಂಗ್ ಅರಮನೆ ಮ್ಯೂಸಿಯಂನಲ್ಲಿರುವ ವೀಣೆ ಕೇಳುವ ಚಿತ್ರದಲ್ಲಿ ವಾದಕನ ಪಕ್ಕ ಎತ್ತರದ ಪೀಠದ ಮೇಲೆ ಧೂಪಪಾತ್ರೆ ಇದೆ. ಮೇಜಿನ ಮೇಲೆ ಪಾತ್ರೆ, ಡಬ್ಬಿ, ಕಡ್ಡಿ-ಸೌಟು ಇಡುವ ಹೂಜಿ ಮೂರು ಒಟ್ಟಿಗೆ ಕಂಡರೆ ಅದು ಓದುಕೋಣೆಯ ಜೋಡಣೆ. ಪಾತ್ರೆಯ ಇಕ್ಕೆಲಗಳಲ್ಲಿ ಎರಡು ದೀಪಸ್ತಂಭ, ಎರಡು ಹೂದಾನಿ ಇದ್ದರೆ ಅದು ಪೂಜೆಯ ಜೋಡಣೆ.

ಪೇಟೆಯ ನೋಟ ಬೇಕಾದರೆ ಸಾಂಗ್ ಕಾಲದ ಚಿತ್ರಕಾರ ಝಾಂಗ್ ಝೆದ್ವಾನ್‌ನ ಚಿಂಗ್‌ಮಿಂಗ್ ಸುರುಳಿಚಿತ್ರ ನೋಡಿ. ರಾಜಧಾನಿಯ ಬೀದಿಯಲ್ಲಿ ಲಿಯು ಮನೆತನದ ಅಂಗಡಿಯ ಫಲಕವೊಂದು ಎತ್ತರಕ್ಕೆ ನಿಂತಿದೆ: ಉತ್ತಮ ಅಗರು, ಶ್ರೀಗಂಧ, ಆಯ್ದ ಧೂಪದ್ರವ್ಯ. ಸುಮಾರು 900 ವರ್ಷ ಹಿಂದಿನ ಜಾಹೀರಾತು.

ಬೆಳ್ಳಿಯ ಚೆಂಡಿನೊಳಗೆ ಕೆಂಡ ಇಟ್ಟು ಹಾಸಿಗೆಯಲ್ಲಿ ಇಟ್ಕೊಳ್ತಿದ್ದರಂತೆ! ಚೆಲ್ಲಲ್ವಾ?

ಚೆಲ್ಲುವುದಿಲ್ಲ. ಜಾಲಂದರದ ಚೆಂಡಿನ ಒಳಗೆ ಒಂದರೊಳಗೊಂದು ಎರಡು ಬಳೆ, ಅದರೊಳಗೆ ಅರ್ಧಗೋಳದ ಬಟ್ಟಲು. ಪ್ರತಿ ಬಳೆಯ ಕೀಲು ಹೊರಗಿನದಕ್ಕೆ ಲಂಬವಾಗಿದೆ. ಚೆಂಡನ್ನು ಹೇಗೆ ಉರುಳಿಸಿದರೂ ಬಟ್ಟಲಿನ ಭಾರ ಅದನ್ನು ಬಾಯಿ ಮೇಲಾಗಿಯೇ ನಿಲ್ಲಿಸುತ್ತದೆ. ಹಡಗಿನ ದಿಕ್ಸೂಚಿಯದೂ ಇದೇ ತತ್ವ. 1970ರಲ್ಲಿ ಶೀಆನ್ ನಗರದ ಹೆಜಿಯಾಚುನ್ ನಿಧಿಯಲ್ಲಿ ಸಿಕ್ಕದ್ದು 5 ಸೆಂ.ಮೀ.ಗೂ ಕಡಿಮೆ ವ್ಯಾಸದ್ದು, ಈಗಲೂ ತಿರುಗುತ್ತದೆ. 1987ರಲ್ಲಿ ತೆರೆದ ಫಾಮೆನ್ ಗುಡಿಯ ನೆಲಮಾಳಿಗೆಯದು 12.8 ಸೆಂ.ಮೀ. ಅದರ ಜೊತೆ 874ರ ಕಲ್ಲಿನ ಪಟ್ಟಿಯೂ ಸಿಕ್ಕಿತು. ಅದರಲ್ಲಿ ಈ ವಸ್ತುವಿನ ಹೆಸರು "ಪರಿಮಳದ ಚೀಲ" ಎಂದಿದೆ. ಅಲ್ಲಿಯವರೆಗೆ ತಾಂಗ್ ಬರಹಗಳಲ್ಲಿ ಆ ಪದ ಬಂದಾಗೆಲ್ಲ ಬಟ್ಟೆಯ ಚೀಲವೆಂದೇ ಓದುವುದು ಸುಲಭವಾಗಿತ್ತು.

ತಳದಲ್ಲಿ "ಶ್ವಾನ್‌ದೆ" ಮುದ್ರೆ ಇರುವ ಹಿತ್ತಾಳೆ ಧೂಪಪಾತ್ರೆ ಮಾರಾಟಕ್ಕಿದೆ. ಮಿಂಗ್ ಕಾಲದ್ದು ಅಂತಾರೆ. ಕೊಳ್ಳಲಾ?

ಇಷ್ಟವಾದರೆ ಹಿತ್ತಾಳೆಯ ಬೆಲೆಗೆ, ಕೆಲಸದ ಅಂದಕ್ಕೆ ಕೊಳ್ಳಿ. ಮುದ್ರೆಗೆ ಒಂದು ಕಾಸೂ ಕೊಡಬೇಡಿ. ಶ್ವಾನ್‌ದೆ ದೊರೆಗಾಗಿ 1428ರಲ್ಲಿ ಸಿಯಾಮ್‌ನಿಂದ ಬಂದ ಲೋಹದಿಂದ ಎರಕ ಹೊಯ್ದರೆಂಬುದು ಪರಂಪರೆಯ ಮಾತು. ಆ ಎರಕದ್ದೇ ಎಂದು ಎಲ್ಲರೂ ಒಪ್ಪುವ ಪಾತ್ರೆ ಇವತ್ತಿಗೂ ಇಲ್ಲ. ಮುಂದಿನ ಐನೂರು ವರ್ಷ ಎಲ್ಲರೂ ಅದೇ ಮುದ್ರೆ ಹಾಕಿದ್ದಾರೆ.

## ಪಾಕ, ಪದಾರ್ಥ, ಪಾರಖಿ

ಹಳೆಯ ಪಾಕ ಒಂದನ್ನಾದರೂ ಅಳತೆ ಸಮೇತ ಕೊಡಿ.

ತೈಪೆಯ ರಾಷ್ಟ್ರೀಯ ಅರಮನೆ ಮ್ಯೂಸಿಯಂನಲ್ಲಿ ಕವಿ, ಲಿಪಿಕಾರ ಹ್ವಾಂಗ್ ತಿಂಗ್‌ಜಿಯಾನ್ (1045–1105) ಕೈಯಾರೆ ಬರೆದ ಒಂದು ಹಾಳೆ ಇದೆ. ಚೀನೀ ಲಿಪಿಕಲೆಯ ಮಾದರಿಯೆಂದು ಜನ ಅದನ್ನು ನೋಡುತ್ತಾರೆ. ಅದರಲ್ಲಿರುವುದು ಧೂಪದ ಪಾಕ, ಹೆಸರು "ಯಿಂಗ್ ಶಿಯಾಂಗ್". ಅಗರಿನ ಪುಡಿ 3 ಲಿಯಾಂಗ್, ಲವಂಗದ ಪುಡಿ 4 ಚಿಯೆನ್, ಪಚ್ಚಕರ್ಪೂರ 7 ಚಿಯೆನ್, ಕಸ್ತೂರಿ 3 ಚಿಯೆನ್ (ಇವೆರಡನ್ನೂ ಬೇರೆಬೇರೆ ಅರೆಯಬೇಕು), ಶುದ್ಧಿ ಮಾಡಿದ ನಖ 1 ಚಿಯೆನ್. ಎಲ್ಲ ಬೆರೆಸಿ, ಪೆಟ್ಲುಪ್ಪು ಅರ್ಧ ಲಿಯಾಂಗ್ ಸೇರಿಸಿ ಮತ್ತೆ ಅರೆದು, ಕಾಸಿದ ಜೇನು 6 ಲಿಯಾಂಗ್ ಹಾಕಿ ಕಲಸಿ, ಒಂದು ತಿಂಗಳು ನೆರಳಲ್ಲಿಟ್ಟು, ಮಖಾನದ ಹಸಿ ಬೀಜದಷ್ಟು ಉಂಡೆ ಮಾಡಬೇಕು. ಕೊನೆಯಲ್ಲಿ ನೆನಪಿದ್ದದ್ದು ಇಷ್ಟು, ಪುಸ್ತಕ ಸಿಕ್ಕಮೇಲೆ ವ್ಯತ್ಯಾಸವಿದ್ದರೆ ಬರೆದು ಕಳಿಸುತ್ತೇನೆ ಎಂಬರ್ಥದ ಸಾಲು. ಗೆಳೆಯರ ನಡುವೆ ಪಾಕ ಓಡಾಡುತ್ತಿದ್ದ ರೀತಿ ಇದು.

ಸಾಂಗ್ ಕಾಲದ ಒಂದು ಲಿಯಾಂಗ್ ಸುಮಾರು 40 ಗ್ರಾಂ, ಅದರ ಹತ್ತನೇ ಒಂದು ಚಿಯೆನ್. ಮನೆಯಲ್ಲಿ ಹತ್ತನೇ ಒಂದು ಭಾಗ ಮಾಡಿ: ಅಗರು 12 ಗ್ರಾಂ, ಲವಂಗ 1.6, ಪಚ್ಚಕರ್ಪೂರ 2.8. ಕಸ್ತೂರಿಗೆ ಬದಲು ಕಸ್ತೂರಿ ಬೆಂಡೆಯ ಬೀಜ 1.2 ಗ್ರಾಂ, ಕಸ್ತೂರಿ ಮೃಗದ ವ್ಯಾಪಾರ ಕಾನೂನುಬಾಹಿರ, ಅದಕ್ಕೆ ಕೈ ಹಾಕಬೇಡಿ. ನಖ, ಪೆಟ್ಲುಪ್ಪು ಎರಡನ್ನೂ ಬಿಡಿ. ಪೆಟ್ಲುಪ್ಪು ಉರಿಯನ್ನು ಕೆರಳಿಸುವ ರಾಸಾಯನಿಕ, ಅಡುಗೆಮನೆಯ ಪ್ರಯೋಗಕ್ಕೆ ಬೇಡ. ಜೇನನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು ನೀರಿನಂಶ ಹೋಗುವವರೆಗೆ ಕಾಸಿ, 15 ಗ್ರಾಂನಿಂದ ಶುರುಮಾಡಿ, ಚಪಾತಿ ಹಿಟ್ಟಿನ ಹದ ಬರುವವರೆಗೆ ಹನಿಹನಿಯಾಗಿ ಸೇರಿಸಿ. ಜೇನು ಪೂರ್ತಿ ತಣಿದ ಮೇಲೆಯೇ ಪಚ್ಚಕರ್ಪೂರ ಮುಟ್ಟಬೇಕು, ಬಿಸಿಗೆ ಅದು ಹಾರಿಹೋಗುತ್ತದೆ. ಉಂಡೆಯನ್ನು ಅಭ್ರಕದ ಮೇಲಿಟ್ಟು ಕಾಯಿಸಿ. ನೇರ ಕೆಂಡಕ್ಕೆ ಹಾಕಿದರೆ ಬೆಲ್ಲ ಸೀದ ವಾಸನೆಯೊಂದೇ.

ಇದೇ ಕಾಲಕ್ಕೆ ಕನ್ನಡದಲ್ಲೂ ಈ ವಿದ್ಯೆ ಬರಹಕ್ಕಿಳಿದಿತ್ತು. 1025ರ ಸುಮಾರಿಗೆ ಚಾವುಂಡರಾಯ ಬರೆದ ಲೋಕೋಪಕಾರದಲ್ಲಿ ಸುಗಂಧದ್ರವ್ಯಗಳ ಅಧ್ಯಾಯವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಸಂಸ್ಕೃತದ ಮಾನಸೋಲ್ಲಾಸದಲ್ಲಿ ಧೂಪಭೋಗವನ್ನು ಅರಸನ ಭೋಗಗಳಲ್ಲಿ ಸೇರಿಸಿದ್ದಾನೆ.

ಉಂಡೆಯ ಪಾಕವನ್ನು ಒಂದು ತಿಂಗಳು ಇಡಲೇಬೇಕಾ? ಈವತ್ತೇ ಹಚ್ಚಿದರೆ ಏನಾಗುತ್ತೆ?

ಲವಂಗ ಒಂದು ಕಡೆ, ಕರ್ಪೂರ ಒಂದು ಕಡೆ ಬೇರೆಬೇರೆಯಾಗಿ ಮೂಗಿಗೆ ಬಡಿಯುತ್ತದೆ. ಒಣ ಪುಡಿ ಜೇನಿನ ತೇವ ಕುಡಿದು ಸಮವಾಗಲು ಕಾಲ ಬೇಕು. ಹಳೆಯ ವಿಧಾನದಲ್ಲಿ ತೇವ ಹೀರದ ಪಿಂಗಾಣಿ ಜಾಡಿಗೆ ಮೇಣದ ಕಾಗದ ಕಟ್ಟಿ, ಕೋಣೆಯ ನೆಲದಲ್ಲಿ ಮೂರರಿಂದ ಐದು ಚುನ್, ಅಂದರೆ 9ರಿಂದ 15 ಸೆಂ.ಮೀ. ಆಳದಲ್ಲಿ ತಿಂಗಳ ಮೇಲೆ ಹೂಳುತ್ತಿದ್ದರು. ಉಪ್ಪಿನಕಾಯಿ ಹಾಕಿದ ದಿನವೇ ಯಾರೂ ಬಡಿಸುವುದಿಲ್ಲವಲ್ಲ. ಫ್ಲ್ಯಾಟಿನಲ್ಲಿರುವವರು ಗಾಜಿನ ಜಾಡಿಯನ್ನು ಕತ್ತಲೆಯ ಕಪಾಟಿನ ಕೆಳತಟ್ಟಿನಲ್ಲಿಡಿ. ಬೂಸ್ಟು ಬಂದರೆ ಜೇನನ್ನು ಸಾಕಷ್ಟು ಕಾಸಿರಲಿಲ್ಲ ಎಂದರ್ಥ. ಕೆರೆದು ಉಳಿಸಿಕೊಳ್ಳಲು ನೋಡದೆ ಎಸೆಯಿರಿ.

ಮರಸೇಬಿನ ಜೊತೆ ಅಗರು ಬೇಯಿಸುವ ಪಾಕ ನಿಜವಾಗಿಯೂ ಇದೆಯಾ?

ಇದೆ. ದಕ್ಷಿಣ ತಾಂಗ್ ರಾಜ್ಯದ ಕೊನೆಯ ದೊರೆ ಲಿ ಯು (ಆಳ್ವಿಕೆ 961–975) ಹೆಸರಿನಲ್ಲಿ ಬಂದಿರುವ, ಹಾಸಿಗೆಯ ಪರದೆಯೊಳಗಿನ ಧೂಪ ಅದು. ಸಣ್ಣಗೆ ಕೊಚ್ಚಿದ ಅಗರು 1 ಲಿಯಾಂಗ್, 10 ಮರಸೇಬಿನ ರಸ, ಬೆಳ್ಳಿ ಪಾತ್ರೆಯಲ್ಲಿ ಮೂರು ಸಲ ಹಬೆ, ರಸ ಇಂಗಿದರೆ ಮುಗಿಯಿತು. ಹಣ್ಣಿನ ಪರಿಮಳ ಹೊಮ್ಮುತ್ತದೆಂದು ಕಾಯಬೇಡಿ. ಸಕ್ಕರೆ-ಹುಳಿ ಅಗರಿನ ಕಹಿಯನ್ನು ತಗ್ಗಿಸಿ ಮೆತ್ತಗೆ ಮಾಡುತ್ತದೆ, ಅಷ್ಟೇ. ಕಾವು ತುಸು ಹೆಚ್ಚಾದರೂ ಮೇಲಿನ ಸಕ್ಕರೆ ಕರಟಿ ಎಲ್ಲ ಹಾಳು.

ಬಿದಿರಿಲ್ಲದ ತೆಳು ಬತ್ತಿ ಮನೆಯಲ್ಲಿ ಮಾಡಬಹುದಾ?

ಮಾಡಬಹುದು. ಲಿ ಶಿಝೆನ್ 1578ರಲ್ಲಿ ಮುಗಿಸಿದ ಔಷಧಕೋಶದಲ್ಲಿಯೇ ಎಲ್ಮ್ ಮರದ ತೊಗಟೆ ಪುಡಿಯಿಂದ ಕಲಸಿ, ಕೊಳವೆಯಿಂದ ಒತ್ತಿ ಎಳೆ ತೆಗೆಯುವ ವಿವರಣೆ ಇದೆ. ನಮ್ಮಲ್ಲಿ ಅದರ ಜಾಗದಲ್ಲಿ ಜಿಗಟು ಪುಡಿ, ಅಂದರೆ ಗುಳಮಾವಿನಂಥ ಮರಗಳ ತೊಗಟೆ. ಬಟ್ಟೆಯಲ್ಲಿ ಜರಡಿ ಹಿಡಿದ ಮರದ ಪುಡಿ 80 ಗ್ರಾಂಗೆ ಜಿಗಟು 20 ಗ್ರಾಂ ಒಣದಾಗಿಯೇ ಬೆರೆಸಿ, ಉಗುರುಬೆಚ್ಚಗಿನ ನೀರನ್ನು ಸ್ವಲ್ಪಸ್ವಲ್ಪವೇ ಹಾಕಿ, ಹಿಟ್ಟು ಕಿವಿಹಾಲೆಯಷ್ಟು ಮೆತ್ತಗಾಗುವವರೆಗೆ ನಾದಿ. ಒದ್ದೆ ಬಟ್ಟೆ ಮುಚ್ಚಿ ಒಂದು ಗಂಟೆ ಬಿಡಿ. ಸೂಜಿಯಿಲ್ಲದ ಸಿರಿಂಜಿನಿಂದ 2 ಮಿ.ಮೀ. ಎಳೆ ಒತ್ತಿ, ಹಲಗೆಯ ಮೇಲೆ ನೇರ ಮಾಡಿ, ನೆರಳಿನಲ್ಲಿ ನಾಲ್ಕೈದು ದಿನ ಒಣಗಿಸಿ.

ಬಿರುಕು ಬಿಟ್ಟರೆ ಫ್ಯಾನಿನ ಗಾಳಿಗೆ ಬೇಗ ಒಣಗಿದೆ. ಬಾಗಿದರೆ ಒಂದೇ ಬದಿ ಒಣಗಿದೆ, ಅರೆ ಒಣಗಿದಾಗ ಮೇಲೊಂದು ಹಲಗೆ ಹೇರಿ. ಹಚ್ಚಿದ ಮೇಲೆ ಆರಿದರೆ ಪುಡಿಯಲ್ಲಿ ಬೆರೆಸಿದ ರಾಳ 15 ಗ್ರಾಂಗಿಂತ ಹೆಚ್ಚಾಗಿದೆ, ಇಲ್ಲವೇ ಒಳಗೆ ಇನ್ನೂ ತೇವವಿದೆ. ಬರೀ ಸುಟ್ಟ ಎಲೆಯ ವಾಸನೆ ಬಂದರೆ ಜಿಗಟು ಜಾಸ್ತಿ.

ಅಗರು ಅಸಲಿಯೋ ನಕಲಿಯೋ ಹೇಗೆ ತಿಳಿಯೋದು? ನೀರಿಗೆ ಹಾಕಿದರೆ ಮುಳುಗಬೇಕಂತೆ.

ಮುಳುಗುವುದು, ಅರೆ ಮುಳುಗುವುದು, ತೇಲುವುದು ಎಂಬ ಮೂರು ದರ್ಜೆ ಹಳೆಯ ಕಾಲದ್ದೇ. ಮರಕ್ಕೆ ಗಾಯವಾಗಿ, ಶಿಲೀಂಧ್ರ ತಗುಲಿ, ಅದನ್ನು ಎದುರಿಸಲು ಮರ ಸುರಿಸುವ ರಾಳವೇ ಅಗರು. ರಾಳ ಹೆಚ್ಚಿದಷ್ಟೂ ತೂಕ ಹೆಚ್ಚು. ಆದರೆ ಮುಳುಗಿಸುವುದು ಮೋಸಗಾರನಿಗೆ ಅತಿ ಸುಲಭದ ಕೆಲಸ: ಸೀಸ ತುಂಬುತ್ತಾರೆ, ಎಣ್ಣೆಯಲ್ಲಿ ನೆನೆಸಿ ಒತ್ತುತ್ತಾರೆ. ಜೊತೆಗೆ ತೇಲುವ ಒಳ್ಳೆಯ ಅಗರೂ ಬೇಕಾದಷ್ಟಿದೆ.

ನಂಬಬಹುದಾದದ್ದು ಮೂಗು. ತಣ್ಣಗಿರುವಾಗಲೇ ಘಮ್ಮೆಂದು ಹೊಡೆದರೆ, ಬೆರಳಿಗೆ ಜಿಡ್ಡು ಹತ್ತಿದರೆ, ಎಳೆಗಳು ಕಾಣದೆ ಇಡೀ ತುಂಡು ಒಂದೇ ಕಪ್ಪಾಗಿದ್ದರೆ ಅನುಮಾನಿಸಿ. ಅಸಲಿ ತುಂಡು ತಣ್ಣಗಿರುವಾಗ ಬಹುಪಾಲು ಮೌನಿ. ಅಭ್ರಕದ ಮೇಲೆ ಕಾಯಿಸಿದಾಗ ಅಸಲಿಯ ಪರಿಮಳ ಹತ್ತಿಪ್ಪತ್ತು ನಿಮಿಷ ಬದಲಾಗುತ್ತಾ ಹೋಗುತ್ತದೆ, ಎಣ್ಣೆ ಕುಡಿಸಿದ್ದು ಎರಡು ನಿಮಿಷ ಮೆರೆದು ಬರೀ ಕಟ್ಟಿಗೆಯಾಗುತ್ತದೆ. ಅಗರಿನ ಮರಗಳೆಲ್ಲ ಅಪಾಯದಂಚಿನ ಜೀವಿಗಳ ಅಂತಾರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ, ವಿದೇಶದಿಂದ ತರುವ ಮುನ್ನ ಪರವಾನಗಿಯ ನಿಯಮ ನೋಡಿಕೊಳ್ಳಿ.

ಚೀನಾದಲ್ಲಿ ನಮ್ಮ ಮೈಸೂರಿನ ಗಂಧಕ್ಕೆ ಬೆಲೆ ಇದೆಯಾ?

ಇದೆ, ಹೆಸರೂ ಇದೆ: "ಲಾವೊಶಾನ್ ತಾನ್", ಹಳೇ ಬೆಟ್ಟದ ಗಂಧ. ಭಾರತದ, ವಿಶೇಷವಾಗಿ ಮೈಸೂರು ಸೀಮೆಯ ಶ್ರೀಗಂಧಕ್ಕೆ ಅಲ್ಲಿನ ವ್ಯಾಪಾರಿಗಳು ಹೇಳುವ ಮಾತಿದು. ಈಗ ಆ ಹೆಸರಿನಲ್ಲಿ ಮಾರುವುದೆಲ್ಲ ಅಲ್ಲಿಯದಲ್ಲ. ಗಂಧದ ಮೋಹ ಅವರನ್ನು ಎಲ್ಲೆಲ್ಲೋ ಒಯ್ದಿದೆ. ಹವಾಯಿಯ ಹೊನೊಲುಲು ನಗರಕ್ಕೆ ಚೀನೀ ಹೆಸರೇ ಗಂಧದ ಬೆಟ್ಟ. ಚ್ವಾನ್‌ಝೌ ಬಂದರಿನ ಬಳಿ 1974ರಲ್ಲಿ ಅಗೆದು ತೆಗೆದ 13ನೇ ಶತಮಾನದ ಹಡಗಿನಲ್ಲಿ ಸುಮಾರು 2,300 ಕಿಲೊ ಸುಗಂಧದ ಮರ ಇತ್ತು, ಜೊತೆಗೆ ಕಾಳುಮೆಣಸು, ಕುಂದುರು.

ನಮಗೆ ಅಚ್ಚರಿಯಾಗುವುದು ಅವರ ಒಂದು ಅಭ್ಯಾಸ: ಗಂಧವನ್ನು ಹಸಿಯಾಗಿ ಸುಡುವುದಿಲ್ಲ. ಅದರ ವಾಸನೆ ಚೂಪು, ಉಳಿದದ್ದನ್ನು ತುಳಿಯುತ್ತದೆ ಎಂಬುದು ದೂರು. ಹಾಗಾಗಿ ಅಕ್ಕಿಕಾಳಿನಷ್ಟು ಕತ್ತರಿಸಿ, ಚಹಾದ ತಿಳಿನೀರಿನಲ್ಲೋ ಜೇನುನೀರಿನಲ್ಲೋ ರಾತ್ರಿಯೆಲ್ಲ ನೆನೆಸಿ, ಒಣಗಿಸಿ, ಸಣ್ಣ ಉರಿಯಲ್ಲಿ ನೇರಳೆ ಛಾಯೆಯ ಹೊಗೆ ಏಳುವವರೆಗೆ ಹುರಿಯುತ್ತಾರೆ. ಒಮ್ಮೆ ಮಾಡಿ ನೋಡಿ. ಹೊಗೆ ಕಂಡ ಕ್ಷಣ ಇಳಿಸಬೇಕು, ಇನ್ನರ್ಧ ನಿಮಿಷ ಬಿಟ್ಟರೆ ಇದ್ದಿಲು.

ಜಪಾನಿನ ಧೂಪಕಲೆಯಾದ ಕೋದೋಗೂ ಇದಕ್ಕೂ ಏನು ವ್ಯತ್ಯಾಸ?

ಬೂದಿ, ಕೆಂಡ, ಅಭ್ರಕ ಒಂದೇ. ದ್ರವ್ಯಗಳ ಜ್ಞಾನ ಬೌದ್ಧ ಭಿಕ್ಷುಗಳ ಜೊತೆ ಚೀನಾದಿಂದ ಜಪಾನಿಗೆ ಹೋಯಿತು. ಜಪಾನಿನಲ್ಲಿ ಅದು ನಿಯಮಬದ್ಧ ಕೂಟವಾಯಿತು, ಪರಿಮಳ ಗುರುತಿಸುವ ಆಟವಾಯಿತು, ಒತ್ತು ಬಿಡಿ ಅಗರಿನ ಮೇಲೆ ಬಿತ್ತು. ಚೀನಾದಲ್ಲಿ ಒತ್ತು ಬೆರೆಸುವುದರ ಮೇಲೆ ಉಳಿಯಿತು. ಅರಸ, ಮಂತ್ರಿ, ಸಹಾಯಕ, ದೂತ ಎಂದು ಔಷಧಶಾಸ್ತ್ರದಂತೆಯೇ ದ್ರವ್ಯಗಳಿಗೆ ಸ್ಥಾನ ಕೊಡುತ್ತಾರೆ. ಈಗ ಚೀನೀ ಚಹಾಮನೆಗಳಲ್ಲಿ ತೋರಿಸುವ ಮೆಲುನಡೆಯ, ಉದ್ದನೆ ತೋಳಿನ ಪ್ರದರ್ಶನದಲ್ಲಿ ಜಪಾನಿನಿಂದ ಮರಳಿ ಬಂದದ್ದು ಸಾಕಷ್ಟಿದೆ.

ದಿನಾ ಹಚ್ಚಿದರೆ ಆರೋಗ್ಯಕ್ಕೆ ಒಳ್ಳೆಯದು ಅಂತಾರೆ, ಇನ್ನು ಕೆಲವರು ಕ್ಯಾನ್ಸರ್ ಅಂತಾರೆ. ಯಾವುದು ನಿಜ?

ಹೊಗೆ ಹೊಗೆಯೇ, ಶ್ರೀಗಂಧದ್ದಾದರೂ. ಸಣ್ಣ ಕಣ, ಬೆಂಜೀನ್, ಫಾರ್ಮಾಲ್ಡಿಹೈಡ್ ಎಲ್ಲದರಲ್ಲೂ ಇರುತ್ತದೆ. ಸಿಂಗಾಪುರದ 61,000ಕ್ಕೂ ಹೆಚ್ಚು ಚೀನೀ ಮೂಲದವರನ್ನು ವರ್ಷಗಟ್ಟಲೆ ಗಮನಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೀರ್ಘಕಾಲ ಮನೆಯಲ್ಲಿ ಧೂಪ ಹಚ್ಚುವುದಕ್ಕೂ ಮೂಗು-ಗಂಟಲಿನ ಕಡೆಯ ಕೆಲವು ಕ್ಯಾನ್ಸರ್‌ಗಳಿಗೂ ನಂಟು ಕಂಡುಬಂತು. ಕಾಯಿಸುವ ವಿಧಾನದಲ್ಲಿ ಹೊಗೆ ಬಹಳ ಕಡಿಮೆ, ಆದರೆ ಉರಿಯುವ ಇದ್ದಿಲು ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಮುಚ್ಚಿದ ಕೋಣೆಯಲ್ಲಿ ಇಟ್ಟು ಮಲಗುವುದು ಜೀವಕ್ಕೇ ಅಪಾಯ. ಕಿಟಕಿ ಒಂದು ಗೇಣು ತೆರೆದಿರಲಿ. ಕೂಸು, ಆಸ್ತಮಾ ಇರುವವರು, ಪಂಜರದ ಹಕ್ಕಿ ಇರುವ ಮನೆಯಲ್ಲಿ ವಿದ್ಯುತ್ ಧೂಪಪಾತ್ರೆ ವಾಸಿ. ಅದನ್ನು 120 ಡಿಗ್ರಿಯಿಂದ ಶುರುಮಾಡಿ ಹತ್ತು ಹತ್ತಾಗಿ ಏರಿಸುತ್ತಾ ಹೋಗಿ. ಹೊಗೆಯ ಎಳೆ ಕಂಡ ಕೂಡಲೇ ಹತ್ತು ಡಿಗ್ರಿ ಹಿಂದಕ್ಕೆ ಇಳಿಸಿ.